ತಾಯಿ ಇಲ್ಲದ ಬೆಕ್ಕಿನ ಮರಿಗಳು: ಹಾಲು, ಹೊಟ್ಟೆ, ಭೇದಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವಾರದೊಳಗಿನ ಅನಾಥ ಮರಿಗಳನ್ನು ಮನೆಗೆ ತಂದವರು ಫೋನಿನಲ್ಲಿ, ಮೆಸೇಜಿನಲ್ಲಿ, ಎದುರಿಗೆ ಸಿಕ್ಕಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಹೊಟ್ಟೆ ಕೆಟ್ಟಿದೆ ಎಂದವರನ್ನು ನಾವು ಔಷಧಿಯ ಮಾತಿಗೆ ಮೊದಲು ಮೂರು ವಿಷಯ ಕೇಳುತ್ತೇವೆ: ಮರಿಯ ತೂಕ ಎಷ್ಟು ಗ್ರಾಂ, ಮೈ ಬೆಚ್ಚಗಿದೆಯೇ, ಯಾವ ಹಾಲು ಎಷ್ಟು ಮಿಲಿ ಹೋಗುತ್ತಿದೆ. ಬಹಳಷ್ಟು ಸಲ ಕಾರಣ ಅಲ್ಲಿಯೇ ಸಿಗುತ್ತದೆ.

## ಮರಿ ಕೈಗೆ ಬಂದ ಹೊತ್ತು

ಕಾಂಪೌಂಡ್ ಪಕ್ಕ ಮರಿಗಳಿವೆ, ತಾಯಿ ಕಾಣ್ತಿಲ್ಲ. ಎತ್ಕೊಂಡು ಬರಬೇಕಾ?

ಆತುರ ಬೇಡ. ತಾಯಿಬೆಕ್ಕು ಆಹಾರ ಹುಡುಕಿಕೊಂಡು ಹೋದರೆ ಕೆಲವು ಗಂಟೆ ಬಾರದಿರುವುದೂ ಉಂಟು. ಮರಿಗಳ ಮೈ ಬೆಚ್ಚಗಿದ್ದು, ಹೊಟ್ಟೆ ತುಂಬಿಕೊಂಡು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಬಂದುಹೋಗುತ್ತಿದ್ದಾಳೆ ಎಂದೇ ಅರ್ಥ. ದೂರದಿಂದ ನೋಡಿ, ಅವಳಿಗೆ ಆಹಾರ, ನೀರು ಇಡಿ. ಎಷ್ಟೇ ದುಬಾರಿ ಹಾಲುಪುಡಿಯೂ ತಾಯಿಯ ಹಾಲಿಗೆ ಸಮವಲ್ಲ.

ಮರಿಗಳು ತಣ್ಣಗಿದ್ದರೆ, ಬಿಡದೆ ಕೂಗುತ್ತಿದ್ದರೆ, ಇರುವೆ ಮುತ್ತಿದ್ದರೆ, ಮಳೆನೀರು ನುಗ್ಗುವ ಅಥವಾ ನಾಯಿ ಓಡಾಡುವ ಜಾಗವಾಗಿದ್ದರೆ ಕಾಯುವಂತಿಲ್ಲ, ಎತ್ತಿಕೊಳ್ಳಿ.

ಮರಿ ತಣ್ಣಗಿದೆ, ಸುಸ್ತಾಗಿದೆ. ಮೊದಲು ಹಾಲು ಕೊಡ್ಲಾ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೈ ತಣ್ಣಗಿರುವ ಮರಿಯ ಕರುಳು ಅಲುಗಾಡುವುದಿಲ್ಲ. ಕೊಟ್ಟ ಹಾಲು ಹೊಟ್ಟೆಯಲ್ಲೇ ನಿಂತು ಹುಳಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ನುಂಗುವ ಶಕ್ತಿಯೂ ಇರದ ಕಾರಣ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಹಸಿವಿಗಿಂತ ಬೇಗ ಕೊಲ್ಲುವುದು ಚಳಿ.

ಮೊದಲ ವಾರದಲ್ಲಿ ಮರಿಯ ಮೈಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡು–ಮೂರನೇ ವಾರದಲ್ಲಿ 36ರಿಂದ 38. ನಾಲ್ಕನೇ ವಾರದ ಹೊತ್ತಿಗೆ ದೊಡ್ಡ ಬೆಕ್ಕಿನಂತೆ 38ರಿಂದ 39. ಥರ್ಮಾಮೀಟರ್ ಇಲ್ಲದಿದ್ದರೆ ಬಾಯೊಳಗೆ ಕಿರುಬೆರಳ ತುದಿ ಇಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಮರಿ ಅಪಾಯದಲ್ಲಿದೆ.

ಬಿಸಿನೀರಿನ ಚೀಲವನ್ನೋ ಬಿಸಿನೀರು ತುಂಬಿದ ಬಾಟಲಿಯನ್ನೋ ದಪ್ಪ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನರ್ಧಕ್ಕೆ ತೆವಳಿಕೊಳ್ಳಲು ಜಾಗ ಬೇಕು. ಒಂದರಿಂದ ಮೂರು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಲಿ. ಬಿಸಿನೀರಿನಲ್ಲಿ ಅದ್ದುವುದು ಬೇಡ. ತೀರಾ ಸುಸ್ತಾಗಿದ್ದರೆ ಒಂದು ಚಮಚ ಸಕ್ಕರೆಯನ್ನು ನಾಲ್ಕೈದು ಚಮಚ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಒಂದೆರಡು ಹನಿಯನ್ನು ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ. ಮೈ ಬೆಚ್ಚಗಾಗಿ, ಮರಿ ತಲೆ ಎತ್ತಿ ಮೂತಿಯಿಂದ ಹುಡುಕತೊಡಗಿದ ಮೇಲೆ ಹಾಲಿನ ಮಾತು.

ಇದು ಎಷ್ಟು ದಿನದ ಮರಿ ಅಂತ ಹೇಗೆ ಗೊತ್ತಾಗುತ್ತೆ?

ಕಣ್ಣು, ಕಿವಿ, ಹಲ್ಲು ನೋಡಿ. ಕಣ್ಣು ಮುಚ್ಚಿ ಕಿವಿ ಮಡಚಿಕೊಂಡಿದ್ದರೆ ಒಂದು ವಾರದೊಳಗಿನದು. 7ರಿಂದ 14 ದಿನಗಳ ನಡುವೆ ಕಣ್ಣು ತೆರೆಯುತ್ತದೆ. ಮುಂದಿನ ಪುಟ್ಟ ಹಲ್ಲುಗಳು ಎರಡು–ಮೂರನೇ ವಾರಕ್ಕೆ, ಕೋರೆಹಲ್ಲು ಮೂರು–ನಾಲ್ಕನೇ ವಾರಕ್ಕೆ, ಹಿಂಬದಿಯ ಹಲ್ಲು ನಾಲ್ಕರಿಂದ ಆರನೇ ವಾರದೊಳಗೆ ಮೂಡುತ್ತವೆ.

ತೂಕದಿಂದಲೂ ಅಂದಾಜು ಮಾಡಬಹುದು: ಹುಟ್ಟಿದಾಗ ಸುಮಾರು 100 ಗ್ರಾಂ, ಎರಡು ವಾರಕ್ಕೆ 200–250, ನಾಲ್ಕು ವಾರಕ್ಕೆ 400–450, ಎಂಟು ವಾರಕ್ಕೆ 800–900. ಆದರೆ ಬೀದಿಯಲ್ಲಿ ಸಿಕ್ಕ ಮರಿ ಬಡಕಲಾಗಿರುವುದೇ ಹೆಚ್ಚು. 300 ಗ್ರಾಂ ಇರುವ ಮರಿಗೆ ಕೋರೆಹಲ್ಲು ಪೂರ್ತಿ ಬಂದಿದ್ದರೆ ಹಲ್ಲನ್ನು ನಂಬಿ.

ತೂಕದ ಯಂತ್ರ ಬೇಕೇ ಬೇಕಾ? ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ?

ಬೇಕೇ ಬೇಕು. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನಾ ಒಂದೇ ಹೊತ್ತಿಗೆ, ಹಾಲು ಕೊಡುವ ಮೊದಲು ತೂಗಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಹಾಲಿನ ಲೆಕ್ಕವನ್ನು ಮತ್ತೆ ನೋಡಿ. ಇಳಿದರೆ ಅಂದೇ ವೈದ್ಯರಿಗೆ ತೋರಿಸಿ. ಜಂತುಹುಳು ತುಂಬಿದ ಹೊಟ್ಟೆಯೂ, ಗಾಳಿ ತುಂಬಿದ ಹೊಟ್ಟೆಯೂ ಕಣ್ಣಿಗೆ ಚೆನ್ನಾಗಿ ಉಂಡ ಹೊಟ್ಟೆಯಂತೆಯೇ ಕಾಣುತ್ತವೆ. ತಕ್ಕಡಿ ಅದನ್ನು ಹಿಡಿಯುತ್ತದೆ.

## ಯಾವ ಹಾಲು, ಎಷ್ಟು, ಹೇಗೆ

ಮನೆಯಲ್ಲಿ ನಂದಿನಿ ಹಾಲಿದೆ. ನೀರು ಬೆರೆಸಿ ಕೊಟ್ರೆ ಆಗಲ್ವಾ?

ಆಗುವುದಿಲ್ಲ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಎರಡರಷ್ಟಕ್ಕೂ ಹೆಚ್ಚು, ಕೊಬ್ಬೂ ಹೆಚ್ಚು. ಹಸುವಿನ ಹಾಲು ಮರಿಗೆ ಕೊಡುವ ಶಕ್ತಿಯಲ್ಲಿ ದೊಡ್ಡ ಪಾಲು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಿಂದ ಬರುತ್ತದೆ. ಜೀರ್ಣವಾಗದೆ ಉಳಿದ ಲ್ಯಾಕ್ಟೋಸ್ ಕರುಳಿಗೆ ನೀರನ್ನು ಎಳೆದುಕೊಂಡು ಭೇದಿ ತರುತ್ತದೆ. ನೀರು ಬೆರೆಸಿದರೆ ಮೊದಲೇ ಕಡಿಮೆ ಇದ್ದ ಪ್ರೋಟೀನು ಇನ್ನೂ ತೆಳುವಾಗುತ್ತದೆ, ಮರಿ ಹೊಟ್ಟೆ ತುಂಬಿಸಿಕೊಂಡೇ ಸೊರಗುತ್ತದೆ. ಭೇದಿ ಆಗದೆ ಬದುಕಿದ ಮರಿಗಳಿಲ್ಲವೆಂದಲ್ಲ. ಆದರೆ 150 ಗ್ರಾಂ ಮರಿಗೆ ಒಂದು ದಿನದ ಭೇದಿಯೇ ಪ್ರಾಣಕ್ಕೆ ಬರಬಹುದು.

ಮೇಕೆ ಹಾಲು ಒಳ್ಳೇದು ಅಂತಾರೆ. ಸೆರೆಲ್ಯಾಕ್, ಮಕ್ಕಳ ಹಾಲುಪುಡಿ ಕೊಡಬಹುದಾ?

ಮೇಕೆ ಹಾಲಿನಲ್ಲೂ ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ಸ್ವಲ್ಪವೇ ಕಡಿಮೆ. ಒಂದು ರಾತ್ರಿ ದಾಟಿಸಲು ಸರಿ, ವಾರಗಟ್ಟಲೆ ಸಾಕಲು ಅಲ್ಲ. ಮನುಷ್ಯರ ಮಕ್ಕಳ ಹಾಲುಪುಡಿ ಎದೆಹಾಲನ್ನು ಅನುಸರಿಸಿ ಮಾಡಿದ್ದು: ಲ್ಯಾಕ್ಟೋಸ್ ಹೆಚ್ಚು, ಪ್ರೋಟೀನು ತೀರಾ ಕಡಿಮೆ. ಸೆರೆಲ್ಯಾಕ್ ಧಾನ್ಯದ ಹಿಟ್ಟು. ಮರಿಯ ಕರುಳಿಗೆ ಪಿಷ್ಟ ಅರಗಿಸುವ ಶಕ್ತಿ ಬಹಳ ಕಡಿಮೆ, ಉಬ್ಬರ, ಭೇದಿ ಎರಡೂ ಬರುತ್ತವೆ.

ಬೇಕಾದದ್ದು ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲುಪುಡಿ. ಕೆ.ಎಂ.ಆರ್., ರಾಯಲ್ ಕ್ಯಾನಿನ್ ಬೇಬಿಕ್ಯಾಟ್ ಮಿಲ್ಕ್ ಮುಂತಾದವು ಪೆಟ್ ಶಾಪ್‌ಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಇವುಗಳಲ್ಲಿ ಟಾರಿನ್, ಆರ್ಜಿನಿನ್ ಎಂಬ ಅಮೈನೊ ಆಮ್ಲಗಳು ಬೆಕ್ಕಿಗೆ ಬೇಕಾದಷ್ಟು ಇರುತ್ತವೆ. ಆರ್ಜಿನಿನ್ ಸಾಲದ ಹಾಲಿನಲ್ಲಿ ಬೆಳೆದ ಮರಿಗಳ ಕಣ್ಣಿಗೆ ಪೊರೆ ಬರುವುದುಂಟು.

ರಾತ್ರಿ ಹನ್ನೊಂದಾಗಿದೆ, ಎಲ್ಲೂ ಹಾಲುಪುಡಿ ಸಿಗ್ತಿಲ್ಲ. ಬೆಳಗಿನವರೆಗೆ ಏನ್ ಮಾಡ್ಲಿ?

120 ಮಿಲಿ ಕಾಯಿಸಿ ಆರಿಸಿದ ಕೆನೆಸಹಿತ ಹಾಲು (ಮೇಕೆಯದಾದರೆ ಒಳ್ಳೆಯದು), ಒಂದು ಮೊಟ್ಟೆಯ ಹಳದಿ ಮಾತ್ರ, ಅರ್ಧ ಟೀಚಮಚ ಅಡುಗೆ ಎಣ್ಣೆ. ಚೆನ್ನಾಗಿ ಕಲಸಿ, ಸೋಸಿ, ಬೆಚ್ಚಗೆ ಮಾಡಿ ಕೊಡಿ. ಬಿಳಿಭಾಗ ಬೇಡ, ಸಕ್ಕರೆ ಬೇಡ. ಹಸಿ ಮೊಟ್ಟೆಯಲ್ಲಿ ಸೋಂಕಿನ ಭಯವಿರುವುದರಿಂದ ತಾಜಾ ಮೊಟ್ಟೆಯನ್ನೇ ಬಳಸಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಚೆಲ್ಲಿಬಿಡಿ. ಮರುದಿನ ಅಂಗಡಿ ತೆರೆದೊಡನೆ ಸರಿಯಾದ ಪುಡಿ ತನ್ನಿ. ಮರಿಗೆ ನಾಲ್ಕು ವಾರ ದಾಟಿದ್ದರೆ ಇದರ ಗೊಡವೆಯೇ ಬೇಡ, ಮರಿಗಳ ವೆಟ್ ಫುಡ್ (ಒದ್ದೆಯಾಗಿರುವ ಸಿದ್ಧ ಆಹಾರ) ಪೊಟ್ಟಣವನ್ನು ಬಿಸಿನೀರಿನಲ್ಲಿ ತೆಳುವಾಗಿ ಕಲಸಿ ಕೊಡಿ.

ಒಂದು ಸಲಕ್ಕೆ ಎಷ್ಟು ಮಿಲಿ? ದಿನಕ್ಕೆ ಎಷ್ಟು ಸಲ?

ಎರಡು ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ: ಪ್ರತಿ 100 ಗ್ರಾಂ ತೂಕಕ್ಕೆ 20ರಿಂದ 25 ಮಿಲಿ. ಒಂದು ಸಲಕ್ಕೆ: ಪ್ರತಿ 100 ಗ್ರಾಂಗೆ 4 ಮಿಲಿ, ಹೆಚ್ಚೆಂದರೆ 5, ಏಕೆಂದರೆ ಹೊಟ್ಟೆ ಹಿಡಿಯುವುದೇ ಅಷ್ಟು. 200 ಗ್ರಾಂ ಮರಿಗೆ ದಿನಕ್ಕೆ 40–50 ಮಿಲಿ ಬೇಕು, ಒಂದು ಸಲಕ್ಕೆ 8 ಮಿಲಿ. ಅಂದರೆ ಆರು ಸಲ.

ಮೊದಲ ವಾರ ಎರಡು ಗಂಟೆಗೊಮ್ಮೆ, ಎರಡನೇ ವಾರ ಎರಡೂವರೆ–ಮೂರು ಗಂಟೆಗೊಮ್ಮೆ, ಮೂರನೇ ವಾರ ನಾಲ್ಕು ಗಂಟೆಗೊಮ್ಮೆ, ನಾಲ್ಕನೇ ವಾರ ಐದು ಗಂಟೆಗೊಮ್ಮೆ. ಮೊದಲೆರಡು ವಾರ ರಾತ್ರಿಯೂ ಏಳಲೇಬೇಕು. ರಾತ್ರಿ ತಪ್ಪಿಸಿ ಬೆಳಿಗ್ಗೆ ಎರಡರಷ್ಟು ಕುಡಿಸುವುದು ಭೇದಿಗೆ ನೇರ ದಾರಿ. ಮರಿ ಇನ್ನೂ ಕೇಳುತ್ತಿದೆಯೆಂದು ಕೊಡುತ್ತಲೇ ಹೋಗಬೇಡಿ. ಬಾಟಲಿ ಸುಲಭವಾಗಿ ಸುರಿಯುವುದರಿಂದ ಮರಿಗೆ ಸಾಕೆನಿಸುವ ಮೊದಲೇ ಹೊಟ್ಟೆ ಮೀರಿರುತ್ತದೆ.

ಹಾಲುಪುಡಿ ಗಟ್ಟಿಯಾಗಿ ಕಲಸಿದ್ರೆ ಬೇಗ ದಪ್ಪ ಆಗುತ್ತಾ?

ದಪ್ಪವಾಗುವುದಿಲ್ಲ. ಗಟ್ಟಿ ಹಾಲು ಮಲ ಕಟ್ಟಿಸುತ್ತದೆ, ಇಲ್ಲವೇ ಭೇದಿ ಮಾಡಿಸಿ ಮೈಯ ನೀರನ್ನೇ ಕಳೆಯುತ್ತದೆ. ಡಬ್ಬಿಯ ಮೇಲಿನ ಅಳತೆಯನ್ನು ಒಂದು ಚೂರೂ ಬದಲಿಸಬೇಡಿ, ಕೆ.ಎಂ.ಆರ್. ಪುಡಿಗಾದರೆ ಒಂದು ಭಾಗ ಪುಡಿಗೆ ಎರಡು ಭಾಗ ನೀರು. ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನೊರೆ ಇಳಿಯುವವರೆಗೆ ಸ್ವಲ್ಪ ಹೊತ್ತು ಬಿಡಿ. ಆ ನೊರೆಯೇ ಹೊಟ್ಟೆಯೊಳಗೆ ಗಾಳಿಯಾಗುತ್ತದೆ. ಕುಡಿಸುವಾಗ ಹಾಲು ಸುಮಾರು 38 ಡಿಗ್ರಿ ಇರಲಿ. ಮಣಿಕಟ್ಟಿನ ಒಳಭಾಗಕ್ಕೆ ಹನಿಸಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಮೈಕ್ರೋವೇವ್‌ನಲ್ಲಿ ಬಿಸಿಮಾಡಿದರೆ ಅಲ್ಲಲ್ಲಿ ಸುಡುಬಿಸಿ ಉಳಿಯುತ್ತದೆ, ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿಟ್ಟೇ ಬಿಸಿಮಾಡಿ. ಮರಿ ಕುಡಿದು ಬಿಟ್ಟ ಹಾಲನ್ನು ಎತ್ತಿಡಬೇಡಿ. ನಿಪ್ಪಲ್, ಬಾಟಲಿ, ಸಿರಿಂಜ್‌ಗಳನ್ನು ಪ್ರತಿ ಸಲ ತೊಳೆದು, ದಿನಕ್ಕೊಮ್ಮೆಯಾದರೂ ಐದು ನಿಮಿಷ ಕುದಿಸಿ.

ಹಾಲು ಮೂಗಿನಿಂದ ಬಂತು. ಹೆದರಿಕೆ ಆಗ್ತಿದೆ.

ತಕ್ಷಣ ನಿಲ್ಲಿಸಿ, ಮರಿಯ ಮೂತಿಯನ್ನು ಕೆಳಕ್ಕೆ ಬಾಗಿಸಿ ಹಿಡಿದು ಮೂಗು ಒರೆಸಿ. ಮುಂದಿನ ಎರಡು ದಿನ ಉಸಿರಾಟ ಗಮನಿಸಿ. ಉಸಿರು ವೇಗವಾಗಿ ಅಥವಾ ಕಷ್ಟಪಟ್ಟು ಬರುತ್ತಿದ್ದರೆ, ಎದೆಯಲ್ಲಿ ಕಟಕಟ ಶಬ್ದ ಕೇಳಿದರೆ, ಹಾಲು ಬೇಡವೆಂದರೆ ನ್ಯುಮೋನಿಯಾ ಇರಬಹುದು. ಆಗ ಗಂಟೆ ಗಂಟೆಯೂ ಮುಖ್ಯ.

ಕಾರಣ ಸಾಮಾನ್ಯವಾಗಿ ಭಂಗಿ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಮರಿ ಬೋರಲಾಗಿ, ನಾಲ್ಕೂ ಕಾಲು ಟವೆಲ್ ಮೇಲೆ ಊರಿ, ತಲೆ ಸ್ವಲ್ಪವೇ ಮೇಲಕ್ಕಿರಬೇಕು, ತಾಯಿಯ ಬಳಿ ಕುಡಿಯುವಾಗ ಇರುವ ಹಾಗೆಯೇ. ನಿಪ್ಪಲ್‌ನ ತೂತು ದೊಡ್ಡದಾದರೂ ಹೀಗಾಗುತ್ತದೆ: ಬಾಟಲಿ ತಲೆಕೆಳಗೆ ಹಿಡಿದರೆ ಹನಿಹನಿಯಾಗಿ ಬೀಳಬೇಕು, ಧಾರೆಯಾಗಿ ಸುರಿಯಬಾರದು. ಸಿರಿಂಜ್ ಆದರೆ 1 ಮಿಲಿಯದ್ದನ್ನೇ ಬಳಸಿ, ಮರಿ ಚೀಪಿದಷ್ಟು ಮಾತ್ರ ಹಿಂದಿನ ಕಡ್ಡಿ ಇಳಿಯಲಿ. ಇಷ್ಟೆಲ್ಲ ಸರಿಯಿದ್ದೂ ಪ್ರತಿ ಸಲ ಮೂಗಿನಿಂದ ಬಂದರೆ ಬಾಯಿ ತೆರೆದು ಅಂಗುಳ ನೋಡಿ, ಸೀಳಿರಬಹುದು.

ಕುಡಿದ ಮೇಲೆ ಹೊಟ್ಟೆ ಬಿಗಿಯಾಗಿ ಉಬ್ಬಿದೆ, ಅಳ್ತಾ ಇದೆ.

ಗಾಳಿ. ಮರಿಯನ್ನು ನೆಟ್ಟಗೆ ಹೆಗಲಿಗೆ ಆನಿಸಿ ಬೆನ್ನನ್ನು ಮೃದುವಾಗಿ ತಟ್ಟಿ ತೇಗಿಸಿ. ಕುಡಿಸುವ ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ. ಹೊಟ್ಟೆಯನ್ನು ಬೆರಳಿನಿಂದ ವೃತ್ತಾಕಾರದಲ್ಲಿ ಹಗುರವಾಗಿ ಸವರಿ, ಮಲ ಮಾಡಿಸಲು ನೋಡಿ. ಮೈ ಬೆಚ್ಚಗಿದೆಯೇ ಎಂದು ಮತ್ತೆ ಪರೀಕ್ಷಿಸಿ. ಹಿಂದಿನ ಹಾಲು ಕರಗದೆ ಹೊಟ್ಟೆ ಗಟ್ಟಿಯಾಗಿಯೇ ಇದ್ದರೆ ಮುಂದಿನ ಹಾಲು ಕೊಡಬೇಡಿ, ವೈದ್ಯರಿಗೆ ಕರೆ ಮಾಡಿ.

ಮರಿ ತಾನಾಗಿ ಮೂತ್ರ, ಕಕ್ಕ ಮಾಡ್ತಿಲ್ಲ. ಕಾಯಿಲೆಯಾ?

ಅಲ್ಲ. ಸುಮಾರು ಮೂರು ವಾರದವರೆಗೆ ಮರಿಗಳಿಗೆ ಅದು ತಾನಾಗಿ ಆಗುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತಾಳೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಆ ಭಾಗವನ್ನು ಹಗುರವಾಗಿ, ಬೇಗಬೇಗ ತಟ್ಟುತ್ತ ಸವರಿ. ಅರ್ಧ ನಿಮಿಷದಿಂದ ಒಂದು ನಿಮಿಷದಲ್ಲಿ ಮೂತ್ರ ಬರುತ್ತದೆ. ಪ್ರತಿ ಸಲದ ಹಾಲಿನ ಹಿಂದೆಯೋ ಮುಂದೆಯೋ ಮಾಡಿ. ಮೂತ್ರ ಪ್ರತಿ ಸಲವೂ ಬರಬೇಕು. ಮಲ ದಿನಕ್ಕೆ ಒಂದೆರಡು ಸಲವಾದರೆ ಸಾಕು. ಚರ್ಮ ಕೆಂಪಾದರೆ ಉಜ್ಜಿದ್ದು ಹೆಚ್ಚಾಯಿತು. ತೆಳುವಾಗಿ ತೆಂಗಿನೆಣ್ಣೆ ಹಚ್ಚಿ.

ಒಡಹುಟ್ಟಿದ ಮರಿಗಳು ಒಂದರ ಹಿಂಭಾಗವನ್ನೊಂದು ಚೀಪುತ್ತಿದ್ದರೆ ಬೇರೆ ಬೇರೆ ಇಡಿ. ಊದಿಕೊಂಡು ಮೂತ್ರದ ದಾರಿಯೇ ಮುಚ್ಚಿಹೋಗಬಹುದು.

## ಹೊಟ್ಟೆ ಕೆಟ್ಟಾಗ

ಹಳದಿ ಬಣ್ಣದ ಮೆತ್ತನೆ ಕಕ್ಕ ಮಾಡುತ್ತೆ. ಇದು ಭೇದಿಯಾ?

ಹಾಲು ಮಾತ್ರ ಕುಡಿಯುವ ಮರಿಗೆ ಅದು ಸಹಜ. ಸಾಸಿವೆಯಂಥ ಹಳದಿಯಿಂದ ತಿಳಿ ಕಂದಿನವರೆಗಿನ ಬಣ್ಣ, ಟೂತ್‌ಪೇಸ್ಟಿನಷ್ಟು ಮೆತ್ತಗೆ, ಆಕಾರ ನಿಲ್ಲುವಂತಿದ್ದರೆ ಏನೂ ಮಾಡಬೇಡಿ. ಬಣ್ಣ ಬದಲಾದಾಗ ಅದನ್ನು ಓದಲು ಕಲಿಯಬೇಕು, ಯಾವುದೇ ಪರೀಕ್ಷೆಗಿಂತ ಮೊದಲು ಸಿಗುವ ಸುದ್ದಿ ಅದೇ.

ಹಳದಿ, ಆದರೆ ಸಡಿಲ: ಹಾಲು ಸ್ವಲ್ಪ ಹೆಚ್ಚಾಗಿದೆ. ಹಸಿರು: ಆಹಾರ ಕರುಳಿನಲ್ಲಿ ವೇಗವಾಗಿ ಜಾರುತ್ತಿದೆ, ಪಿತ್ತರಸ ಹೀರಲ್ಪಡುವ ಮೊದಲೇ ಹೊರಬರುತ್ತಿದೆ, ಹೆಚ್ಚು ಕುಡಿಸಿದ್ದರಿಂದಲೂ ಆಗುತ್ತದೆ, ಸೋಂಕಿನಿಂದಲೂ ಆಗುತ್ತದೆ. ಬೂದು ಅಥವಾ ಬಿಳಿ, ಒಡೆದ ಹಾಲಿನಂತಿದ್ದರೆ ಹಾಲು ಅರಗುತ್ತಲೇ ಇಲ್ಲ, ಇದು ತುರ್ತು. ಲೋಳೆ, ನೊರೆ, ಕೆಟ್ಟ ನಾತ ಇದ್ದರೆ ಕಾಕ್ಸಿಡಿಯಾ, ಜಿಯಾರ್ಡಿಯಾದಂಥ ಏಕಕೋಶ ಪರಾವಲಂಬಿಗಳ ಸಂಶಯ. ಡಾಂಬರಿನಂತೆ ಕಪ್ಪು ಅಂಟು ಮಲ ಎಂದರೆ ಮೇಲಿನ ಕರುಳಿನಲ್ಲಿ ರಕ್ತ ಸೋರುತ್ತಿದೆ, ಕೊಕ್ಕೆಹುಳು ಒಂದು ಸಾಮಾನ್ಯ ಕಾರಣ. ವಸಡು ಬಿಳಿಚಿದೆಯೇ ನೋಡಿ. ಕೆಂಪು ರಕ್ತ ಕಂಡರೆ ಅಂದೇ ಆಸ್ಪತ್ರೆ.

ಭೇದಿ ಶುರುವಾಗಿದೆ. ಹಾಲು ನಿಲ್ಲಿಸಿ ಉಪವಾಸ ಹಾಕ್ಲಾ?

ಪುಟ್ಟ ಮರಿಯನ್ನು ಉಪವಾಸ ಕೆಡವಬಾರದು. ಅದರ ಮೈಯಲ್ಲಿ ಸಕ್ಕರೆಯ ಸಂಗ್ರಹ ಇಲ್ಲವೆಂಬಷ್ಟು ಕಡಿಮೆ. ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿದು ಮರಿ ಜೋತುಬೀಳುತ್ತದೆ.

ಮರಿ ಚುರುಕಾಗಿದ್ದು, ಮಲ ಹಳದಿಯಾಗಿ ಸಡಿಲವಷ್ಟೇ ಆಗಿದ್ದರೆ ಹಾಲನ್ನು ಸರಿ ನೋಡಿ. ಅಳತೆ ತಪ್ಪಿದೆಯೇ, ಪುಡಿ ಬದಲಿಸಿದ್ದೀರಾ, ಬಾಟಲಿ ಹುಳಿ ವಾಸನೆ ಬರುತ್ತಿದೆಯೇ? ಒಂದು ಸಲದ ಪ್ರಮಾಣವನ್ನು ಮೂರನೇ ಒಂದರಷ್ಟು ಇಳಿಸಿ, ಸಲಗಳ ಸಂಖ್ಯೆ ಹೆಚ್ಚಿಸಿ. ಒಂದು ದಿನದ ಮಟ್ಟಿಗೆ ಹಾಲನ್ನು ಅರ್ಧಕ್ಕೆ ತೆಳುಮಾಡಬಹುದು, ಆದರೆ ಅದನ್ನೇ ಮುಂದುವರಿಸಿದರೆ ಮರಿ ಹಸಿದೇ ಸೊರಗುತ್ತದೆ. ಹೊಸ ಪುಡಿಗೆ ಹೋಗುವುದಾದರೆ ಕಾಲು ಭಾಗದಿಂದ ಶುರುಮಾಡಿ ಮೂರು–ನಾಲ್ಕು ದಿನದಲ್ಲಿ ಪೂರ್ತಿ ಬದಲಿಸಿ. ನಾಲ್ಕು ವಾರದೊಳಗಿನ ಮರಿಗೆ ಮಲ ನೀರುನೀರಾಗಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಅದಕ್ಕಿಂತ ದೊಡ್ಡ ಮರಿ ಲವಲವಿಕೆಯಿಂದ ಇದ್ದರೂ 24 ಗಂಟೆ ಮೀರಿದರೆ ತೋರಿಸಿ.

ಮೈಯಲ್ಲಿ ನೀರು ಕಡಿಮೆ ಆಗಿದೆ ಅಂತ ಹೇಗೆ ತಿಳಿಯೋದು? ಓಆರ್‌ಎಸ್ ಕೊಡಬಹುದಾ?

ಕುತ್ತಿಗೆಯ ಚರ್ಮ ಎತ್ತಿ ಬಿಡುವ ಪರೀಕ್ಷೆ ಆರು ವಾರದೊಳಗಿನ ಮರಿಗಳಲ್ಲಿ ನಂಬಿಕೆಗೆ ಅರ್ಹವಲ್ಲ. ಮೂತ್ರ ನೋಡಿ: ಪುಟ್ಟ ಮರಿಯ ಮೂತ್ರಕ್ಕೆ ಬಣ್ಣವೇ ಇಲ್ಲದಂತಿರಬೇಕು. ಹತ್ತಿಯ ಮೇಲೆ ಕಡು ಹಳದಿ ಕಂಡರೆ ನೀರು ಸಾಲುತ್ತಿಲ್ಲ. ವಸಡು ಬೆರಳಿಗೆ ಒದ್ದೆಯಾಗಿ ಜಾರುವ ಬದಲು ಅಂಟಿದರೆ ನೀರು ಇನ್ನಷ್ಟು ಕಡಿಮೆಯಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಒಂದು ಲೀಟರಿನ ಪುಡಿಯಾದರೆ ಪೂರ್ತಿ ಒಂದು ಲೀಟರಿಗೆ. ಹಣ್ಣಿನ ರುಚಿಯ ಸಿಹಿ ಪಾನೀಯ ಬೇಡ, ಹೆಚ್ಚಿನ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಎರಡು ಹಾಲಿನ ನಡುವೆ, ಪ್ರತಿ 100 ಗ್ರಾಂ ತೂಕಕ್ಕೆ 1–2 ಮಿಲಿಯಂತೆ, ಬೆಚ್ಚಗೆ ಮಾಡಿ ಕೊಡಿ. ಮರಿ ಸುಸ್ತಾಗಿದ್ದರೆ, ವಾಂತಿಯೂ ಇದ್ದರೆ ಬಾಯಿಯಿಂದ ಕೊಡುವುದು ಸಾಲದು. ವೈದ್ಯರು ಚರ್ಮದಡಿಗೆ ಬೆಚ್ಚಗಿನ ದ್ರಾವಣ ಕೊಡಬೇಕಾಗುತ್ತದೆ.

ಮಕ್ಕಳಿಗೆ ಕೊಡೋ ಬಜೆ, ಗ್ರೈಪ್ ವಾಟರ್, ಭೇದಿ ಮಾತ್ರೆ ಸ್ವಲ್ಪ ಕೊಟ್ರೆ?

ಯಾವುದೂ ಬೇಡ. ಬೆಕ್ಕಿನ ಯಕೃತ್ತು ಎಷ್ಟೋ ವಸ್ತುಗಳನ್ನು ನಮ್ಮಂತೆ ಒಡೆದು ಹೊರಹಾಕಲಾರದು. ಪ್ಯಾರಾಸಿಟಮಾಲ್ ಚೂರು ಸಾಕು ಬೆಕ್ಕು ಸಾಯಲು. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಕರುಳನ್ನು ನಿಲ್ಲಿಸುವ ಲೋಪೆರಮೈಡ್‌ನಂಥ ಮಾತ್ರೆ ಸೋಂಕಿನ ವಿಷವನ್ನು ಒಳಗೇ ಕೂಡಿಹಾಕುತ್ತದೆ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ಕನ್ನು ಅಂದಾಜಿನಲ್ಲಿ ಕೊಡುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅಳಿಸಿ ಭೇದಿಯನ್ನು ಉದ್ದಮಾಡುತ್ತದೆ.

ಎರಡು ದಿನದಿಂದ ಕಕ್ಕ ಮಾಡಿಲ್ಲ.

ಹೊಟ್ಟೆ ಮೆತ್ತಗಿದ್ದು, ಮರಿ ಚೆನ್ನಾಗಿ ಕುಡಿಯುತ್ತ ತೂಕ ಏರುತ್ತಿದ್ದರೆ ಮೊದಲು ಹಾಲಿನ ಅಳತೆ ನೋಡಿ, ಹಾಲಿನ ನಡುವೆ ಬೆಚ್ಚಗಿನ ನೀರು ಸ್ವಲ್ಪ ಕೊಡಿ, ಹತ್ತಿಯಿಂದ ಸವರುವ ಹೊತ್ತನ್ನು ಹೆಚ್ಚಿಸಿ. ಹಿಂಭಾಗವನ್ನು ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಇಟ್ಟು ಸವರಿದರೂ ಸಡಿಲವಾಗುತ್ತದೆ, ಆಮೇಲೆ ಚೆನ್ನಾಗಿ ಒಣಗಿಸಿ. ಒಣಗಿದ ಮಲವೇ ಕೂದಲಿಗೆ ಅಂಟಿ ದಾರಿ ಮುಚ್ಚಿರುವುದುಂಟು, ನೆನೆಸಿ ತೆಗೆಯಿರಿ. ಗುದದ್ವಾರವೇ ಇಲ್ಲದೆ ಹುಟ್ಟಿದ ಮರಿಗಳೂ ಇರುತ್ತವೆ. ಬಂದ ದಿನವೇ ಬಾಲ ಎತ್ತಿ ನೋಡಿಬಿಡಿ.

ಮೂರನೇ ದಿನಕ್ಕೆ ಹೋಗುತ್ತಿದ್ದರೆ, ಹೊಟ್ಟೆ ಬಿಗಿದರೆ, ವಾಂತಿಯಾದರೆ ವೈದ್ಯರೇ ಎನಿಮಾ ಕೊಡಬೇಕು. ಮೆಡಿಕಲ್ ಶಾಪ್‌ನಲ್ಲಿ ಮನುಷ್ಯರಿಗೆಂದು ಸಿಗುವ ಫಾಸ್ಫೇಟ್ ಎನಿಮಾ ಬೆಕ್ಕಿಗೆ ಪ್ರಾಣಾಂತಿಕ.

ಜಂತುಹುಳು ಔಷಧಿ ಯಾವಾಗ? ಮನೇಲಿ ಆಲ್ಬೆಂಡಜೋಲ್ ಇದೆ, ನಡೆಯುತ್ತಾ?

ಬೀದಿಯ ಮರಿಯಲ್ಲಿ ದುಂಡುಹುಳು ಇದೆ ಎಂದೇ ಭಾವಿಸಿ. ಅದರ ಮರಿಹುಳು ತಾಯಿಯ ಹಾಲಿನಲ್ಲೇ ಬರುತ್ತದೆ. ಹೊಟ್ಟೆ ಡೊಳ್ಳು, ಬೆನ್ನೆಲುಬು ಕೈಗೆ ಚುಚ್ಚುವುದು, ಕೆಲವೊಮ್ಮೆ ವಾಂತಿಯಲ್ಲೋ ಮಲದಲ್ಲೋ ಬೇಯಿಸಿದ ಶಾವಿಗೆಯಂಥ ಹುಳುಗಳು.

ಎರಡು–ಮೂರನೇ ವಾರದಿಂದ ಎರಡು ವಾರಕ್ಕೊಮ್ಮೆ, ಎಂಟು ವಾರ ತುಂಬುವವರೆಗೆ ಪೈರಾಂಟೆಲ್ ಎಂಬ ಹುಳುವಿನ ಔಷಧಿ ಕೊಡುವುದು ರೂಢಿ. ಪ್ರಮಾಣ ಒಂದು ಕಿಲೋಗೆ 5ರಿಂದ 10 ಮಿಲಿಗ್ರಾಂ. 400 ಗ್ರಾಂ ಮರಿಗೆ ಹೆಚ್ಚೆಂದರೆ 4 ಮಿಲಿಗ್ರಾಂ. ಒಂದು ಮಿಲಿಯಲ್ಲಿ 50 ಮಿಲಿಗ್ರಾಂ ಇರುವ ಸಿರಪ್ ಆದರೆ ಅದು 0.08 ಮಿಲಿ ಮಾತ್ರ. ಚಮಚದಲ್ಲಿ ಅಳೆಯುವ ಮಾತೇ ಅಲ್ಲ. ಬಾಟಲಿಯನ್ನು ವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟ ಗೆರೆಯವರೆಗೆ 1 ಮಿಲಿ ಸಿರಿಂಜ್‌ನಲ್ಲಿ ಎಳೆದುಕೊಳ್ಳಿ. ಆಲ್ಬೆಂಡಜೋಲ್ ಬೆಕ್ಕುಗಳಲ್ಲಿ ಅಸ್ಥಿಮಜ್ಜೆಯನ್ನು ಕುಂದಿಸಬಲ್ಲದು, ಬೇಡ. ಮಲ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಈ ಹುಳುವಿನ ಮೊಟ್ಟೆ ಮನುಷ್ಯರ ಮಕ್ಕಳಿಗೂ ತೊಂದರೆ ಕೊಡುತ್ತದೆ.

## ಹಾಲಿನಿಂದ ಊಟಕ್ಕೆ

ಊಟ ಯಾವಾಗ ಶುರು ಮಾಡ್ಬೇಕು? ಶುರು ಮಾಡಿದ ಕೂಡ್ಲೆ ಭೇದಿ ಆಯ್ತು.

ನಾಲ್ಕು ವಾರ ದಾಟಿ, ಹಿಂಬದಿಯ ಹಲ್ಲು ಮೂಡಿ, ಮರಿ ನಿಪ್ಪಲ್ಲನ್ನು ಚೀಪುವ ಬದಲು ಕಚ್ಚತೊಡಗಿದಾಗ. ಮರಿಗಳ ವೆಟ್ ಫುಡ್ಡನ್ನು ಈವರೆಗೆ ಕುಡಿಸುತ್ತಿದ್ದ ಅದೇ ಬಗೆಯ ಹಾಲಿನಲ್ಲಿ ಗಂಜಿಯ ಹದಕ್ಕೆ ಕಲಸಿ ಚಪ್ಪಟೆ ತಟ್ಟೆಯಲ್ಲಿಡಿ. ಮೊದಲು ದಿನಕ್ಕೆರಡು ಸಲ. ಉಳಿದ ಹೊತ್ತು ಬಾಟಲಿ ಇರಲಿ. ಏಳರಿಂದ ಹತ್ತು ದಿನದಲ್ಲಿ ಹಾಲು ಕಡಿಮೆ ಮಾಡುತ್ತ ಗಟ್ಟಿ ಮಾಡಿ. ಎರಡು ದಿನ ಮಲ ಸಡಿಲವಾಗುವುದು ಸಾಮಾನ್ಯ, ಒಂದು ಹೆಜ್ಜೆ ಹಿಂದೆ ಹೋಗಿ. ಒಂದೇ ವಾರದಲ್ಲಿ ಮೂರು ಬ್ರ್ಯಾಂಡ್ ಬದಲಿಸುವುದು ಭೇದಿಯನ್ನು ಬೆಳೆಸುತ್ತದೆ. ಗಟ್ಟಿ ಆಹಾರ ಶುರುವಾದ ಮೇಲೆ ನುಂಗಿದ್ದನ್ನೆಲ್ಲ ಹಾಗೆಯೇ ಬಾಯಿಂದ ಹೊರಹಾಕುತ್ತಿದ್ದರೆ ಅನ್ನನಾಳದ ತೊಂದರೆ ಇರಬಹುದು, ಎಕ್ಸ್‌ರೇ ಬೇಕಾಗುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ, ಹಾಲನ್ನ ಸಾಲಲ್ವಾ?

ಸಾಲದು. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ. ಟಾರಿನ್ ಸಾಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅಡುಗೆಮನೆಗೆ ಮಾಂಸ ಬಾರದು ಎನ್ನುವವರು ಮರಿಗಳ ಪೊಟ್ಟಣದ ಆಹಾರವನ್ನು ಬೇರೆ ತಟ್ಟೆಯಲ್ಲಿ ಹೊರಗಿಟ್ಟು ಕೊಡಬಹುದು, ಬಹಳ ಮನೆಗಳಲ್ಲಿ ಹಾಗೆ ನಡೆಯುತ್ತಿದೆ. ನಾಯಿಯ ಆಹಾರ ಸಲ್ಲದು. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಒಂದೆರಡು ದಿನಕ್ಕೆ ಸರಿ. ವಾರಗಟ್ಟಲೆ ಅದೊಂದನ್ನೇ ಕೊಟ್ಟರೆ ಕ್ಯಾಲ್ಸಿಯಂ ಸಾಲದೆ ಮರಿಯ ಮೂಳೆ ಜಿಗಿದಾಗಲೇ ಮುರಿಯುತ್ತದೆ.

ಕಕ್ಕ ಮಾಡಲು ಇಟ್ಟ ಲಿಟರ್ ತಿನ್ನುತ್ತಿದೆ.

ಒದ್ದೆಯಾದರೆ ಗಟ್ಟಿಕಟ್ಟುವ ಲಿಟರ್ ಹೊಟ್ಟೆಯಲ್ಲೂ ಗಟ್ಟಿಕಟ್ಟುತ್ತದೆ. ಎರಡು ತಿಂಗಳಾಗುವವರೆಗೆ ಕಾಗದದ ಚೂರು ಅಥವಾ ಕಾಗದ, ಮರದ ಪೆಲೆಟ್ ಬಳಸಿ.

## ಗಂಭೀರ ಸಂದರ್ಭಗಳು

ಹುಳು ಔಷಧಿ ಕೊಟ್ಟರೂ ಲೋಳೆ, ರಕ್ತದ ಭೇದಿ ನಿಲ್ತಿಲ್ಲ.

ಪೈರಾಂಟೆಲ್ ಕಾಕ್ಸಿಡಿಯಾವನ್ನೂ ಜಿಯಾರ್ಡಿಯಾವನ್ನೂ ಕೊಲ್ಲುವುದಿಲ್ಲ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಕಾಕ್ಸಿಡಿಯಾಕ್ಕೆ ಟೋಲ್ಟ್ರಜುರಿಲ್‌ನಂಥ ಔಷಧಿ, ಜಿಯಾರ್ಡಿಯಾಕ್ಕೆ ಸಾಮಾನ್ಯವಾಗಿ ಫೆನ್‌ಬೆಂಡಜೋಲ್; ಎರಡನ್ನೂ ವೈದ್ಯರೇ ತೂಕ ನೋಡಿ ಬರೆಯಲಿ. ಎರಡೂ ಹಲವು ಸಲ ಮರಳಿ ಬರುವುದು ಔಷಧಿ ಸೋತದ್ದರಿಂದಲ್ಲ, ಮರಿ ತನ್ನದೇ ಮಲದಿಂದ ಮತ್ತೆ ಅಂಟಿಸಿಕೊಳ್ಳುವುದರಿಂದ. ಮಲವನ್ನು ಬಿದ್ದ ಕೂಡಲೇ ತೆಗೆಯಿರಿ. ತಟ್ಟೆ, ಬಟ್ಟೆಗಳಿಗೆ ಕುದಿಯುವ ನೀರು ಹಾಕಿ. ಮರಿಯ ಹಿಂಭಾಗ ತೊಳೆದು ಒಣಗಿಸಿ.

ನಿನ್ನೆ ಆಡ್ತಿದ್ದ ಮರಿ ಇವತ್ತು ವಾಂತಿ ಮಾಡಿ ನೀರಿನ ಬಟ್ಟಲ ಮುಂದೆ ತಲೆ ಬಾಗಿಸಿ ಕೂತಿದೆ.

ಪ್ಯಾನ್‌ಲ್ಯೂಕೊಪೀನಿಯಾ ಎಂದು ಭಾವಿಸಿಯೇ ವೈದ್ಯರ ಬಳಿಗೆ ಓಡಿ. ಈ ಕಾಯಿಲೆ ತರುವ ಬೆಕ್ಕಿನ ಪಾರ್ವೊ ವೈರಸ್ ಕರುಳಿನ ಒಳಪದರವನ್ನೂ ಮಜ್ಜೆಯ ಬಿಳಿ ರಕ್ತಕಣಗಳನ್ನೂ ಒಟ್ಟಿಗೆ ನಾಶಮಾಡುತ್ತದೆ. ಮೊದಲು ಜ್ವರ, ಕೊನೆಗೆ ಮೈ ತಣ್ಣಗಾಗುವುದು. ಭೇದಿ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ವೈದ್ಯರು ನಾಯಿಯ ಪಾರ್ವೊ ಕಿಟ್‌ನಿಂದಲೇ ಮಲ ಪರೀಕ್ಷಿಸಬಲ್ಲರು. ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ದ್ರಾವಣ, ವಾಂತಿ ತಡೆ, ಆ್ಯಂಟಿಬಯೋಟಿಕ್, ಬಿಸಿ, ಇವುಗಳ ಬಲದಿಂದ ಕೆಲವು ಮರಿಗಳು ದಾಟುತ್ತವೆ. ಉಳಿದ ಬೆಕ್ಕುಗಳಿಂದ ತಕ್ಷಣ ಬೇರೆ ಮಾಡಿ. ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, 16 ವಾರ ತುಂಬುವವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ.

ಮನೆಯನ್ನು ಫಿನಾಯಿಲ್, ಡೆಟಾಲ್ ಹಾಕಿ ಒರೆಸಿದ್ರೆ ಸಾಕಾ?

ಎರಡೂ ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಬಾಯಿ ಹುಣ್ಣಾಗುತ್ತದೆ. ಪಾರ್ವೊ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಮೊದಲು ಸೋಪುನೀರಿನಿಂದ ಕೊಳೆ ತೆಗೆಯಿರಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟನ್ನು ಲೀಟರ್ ನೀರಿಗೆ 30 ಮಿಲಿ ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಟ್ಟು, ತೊಳೆದು, ಒಣಗಿದ ಮೇಲೆ ಮರಿಗಳನ್ನು ಬಿಡಿ. ದ್ರಾವಣ ದಿನಾ ಹೊಸದಾಗಿರಲಿ.

ಗುದದಿಂದ ಕೆಂಪಗೆ ಏನೋ ಹೊರಗೆ ಬಂದಿದೆ.

ತಿಣುಕಿ ತಿಣುಕಿ ಗುದನಾಳ ಜಾರಿದೆ. ಒಳಗೆ ತಳ್ಳಲು ಹೋಗಬೇಡಿ. ಸ್ವಚ್ಛ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ ಸುತ್ತಿ, ಒಣಗದಂತೆ, ಮರಿ ನೆಕ್ಕದಂತೆ ಹಿಡಿದು ಹೊರಡಿ. ಬೇಗ ತಲುಪಿದರೆ ವೈದ್ಯರು ಒಳಸೇರಿಸಿ ಹೊಲಿಗೆ ಹಾಕುತ್ತಾರೆ.

ಚೀಪುತ್ತಲೇ ಇಲ್ಲ. ಟ್ಯೂಬ್ ಹಾಕಿ ಹಾಲು ಕೊಡೋದು ನಾವೇ ಮಾಡಬಹುದಾ?

ವೈದ್ಯರ ಎದುರು ಕಲಿತವರು ಮಾತ್ರ. 5ನೇ ನಂಬರಿನ ಇನ್‌ಫೆಂಟ್ ಫೀಡಿಂಗ್ ಟ್ಯೂಬ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಹಾಕುತ್ತಾರೆ. ಹತ್ತು ದಿನದೊಳಗಿನ ಮರಿಗೆ ಗಂಟಲಿನ ಓಕರಿಕೆ ಬೆಳೆದಿರುವುದಿಲ್ಲ, ಟ್ಯೂಬ್ ಶ್ವಾಸನಾಳಕ್ಕೆ ಹೋದರೂ ಕೆಮ್ಮದೆ ಸುಮ್ಮನಿರಬಹುದು. ವಿಡಿಯೋ ನೋಡಿ ಮಾಡುವ ಕೆಲಸ ಇದಲ್ಲ. ಮರಿ ಚೀಪದಿರಲು ಮೊದಲ ಕಾರಣ ಚಳಿ ಎಂಬುದನ್ನೂ ಮರೆಯಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಅದೇ ದಿನದ ತಾಜಾ ಮಲ, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ, ಕಡಲೆಕಾಳಿನಷ್ಟಿದ್ದರೂ ಸಾಕು. ತೂಕ ಬರೆದ ಪುಸ್ತಕ. ಹಾಲುಪುಡಿಯ ಹೆಸರು, ಕಲಸಿದ ಅಳತೆ, ಕೊನೆಯ ಸಲ ಎಷ್ಟು ಹೊತ್ತಿಗೆ ಎಷ್ಟು ಕುಡಿಯಿತು ಎಂಬ ಟಿಪ್ಪಣಿ. ಕೊಟ್ಟ ಔಷಧಿಗಳ ಬಾಟಲಿ, ಮನೆಮದ್ದು ಮಾಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ಹೊರಡುವ ಮೊದಲು ವೇಳೆ ಕೇಳಿಕೊಳ್ಳಿ. ದಾರಿಯುದ್ದಕ್ಕೂ ಮರಿಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇರಲಿ, ಕಾರಿನ ಎಸಿ ಆರಿಸಿರಿ.